ಇರುಳ ಹಸಿವೂ ಮೈತೂಕವೂ

ಮೈತೂಕವನ್ನು ಇಳಿಸಬೇಕೆಂದು ಸಂಕಲ್ಪ ಮಾಡಿದವರಲ್ಲಿ ಬಹುಮಂದಿ ಸೋಲುವುದು ರಾತ್ರಿಯ ಹೊತ್ತಿನಲ್ಲಿ. ಬೆಳಗ್ಗೆ ಒಂದು ಲೋಟ ಕಾಫಿಯಿಂದಲೇ ತೃಪ್ತನಾಗಿ, ಮಧ್ಯಾಹ್ನದ ಅನ್ನವನ್ನು ಅರ್ಧಕ್ಕೆ ಇಳಿಸಿ, ಸಂಜೆ ಕಚೇರಿಯ ಗೆಳೆಯರು ಬೋಂಡ ತರಿಸಿದಾಗ ಕೈಮುಗಿದು ಎದ್ದುಹೋದ ಮನುಷ್ಯನೇ, ರಾತ್ರಿ ಹತ್ತೂವರೆಯ ಸುಮಾರಿಗೆ, ಮನೆಯವರೆಲ್ಲ ಮಲಗಿದ ಮೇಲೆ, ಅಡಿಗೆಮನೆಯ ದೀಪ ಹಾಕಿ ಚಕ್ಕುಲಿಯ ಡಬ್ಬದ ಮುಚ್ಚಳ ತೆಗೆಯುತ್ತಾನೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮರುದಿನ ಬೆಳಗ್ಗೆ ಹಸಿವಿರುವುದಿಲ್ಲ, ಪಶ್ಚಾತ್ತಾಪವಿರುತ್ತದೆ. ಅದಕ್ಕೆ ಪ್ರಾಯಶ್ಚಿತ್ತವೆಂದು ಬೆಳಗಿನ ತಿಂಡಿಯನ್ನು ಬಿಡುತ್ತಾನೆ. ರಾತ್ರಿ ಮತ್ತೆ ಡಬ್ಬದ ಬಳಿಗೆ ಬರುತ್ತಾನೆ.

ಇದನ್ನು ಕಂಡವರು ಮನಸ್ಸಿನಲ್ಲಿ ಗಟ್ಟಿತನವಿಲ್ಲವೆಂದು ಆಡಿಕೊಳ್ಳುವುದುಂಟು. ಪಾಪ, ಆತನೂ ತನ್ನ ವಿಷಯದಲ್ಲಿ ಹಾಗೆಯೇ ಭಾವಿಸಿ ಕುಗ್ಗುತ್ತಾನೆ. ಆದರೆ ಹಗಲೆಲ್ಲ ಗಟ್ಟಿಯಾಗಿದ್ದ ಮನಸ್ಸು ರಾತ್ರಿ ಮಾತ್ರ ಏಕೆ ಮೆತ್ತಗಾಗಬೇಕು? ಅದೂ ಒಬ್ಬರಿಬ್ಬರಲ್ಲಲ್ಲದೆ ಅಸಂಖ್ಯ ಜನರಲ್ಲಿ, ಹೆಚ್ಚು ಕಡಿಮೆ ಒಂದೇ ಹೊತ್ತಿನಲ್ಲಿ ಏಕೆ ಮೆತ್ತಗಾಗಬೇಕು? ಹೀಗೆ ಕೇಳಿದೊಡನೆಯೇ ವಿಷಯವು ನೀತಿಬೋಧೆಯ ಎಲ್ಲೆಯನ್ನು ದಾಟಿ ಶರೀರಶಾಸ್ತ್ರದ ಎಲ್ಲೆಯೊಳಕ್ಕೆ ಬರುತ್ತದೆ.

ಮೊದಲು ಲೆಕ್ಕವನ್ನು ನೋಡಿಬಿಡೋಣ. ಆಹಾರದಿಂದ ದೊರೆಯುವ ಶಕ್ತಿಯನ್ನು ಅಳೆಯುವ ಮಾನ ಕ್ಯಾಲೊರಿ. (ಶಾಸ್ತ್ರದ ಕಟ್ಟುನಿಟ್ಟಾದ ಭಾಷೆಯಲ್ಲಿ ಇದು ಕಿಲೋಕ್ಯಾಲೊರಿ, ಬಳಕೆಯಲ್ಲಿ ‘ಕಿಲೋ’ ಉದುರಿಹೋಗಿದೆ.) ಒಂದು ಗ್ರಾಂ ಪಿಷ್ಟದಿಂದಾಗಲಿ ಪ್ರೋಟೀನಿನಿಂದಾಗಲಿ ಸುಮಾರು ೪ ಕ್ಯಾಲೊರಿ ದೊರೆತರೆ, ಒಂದು ಗ್ರಾಂ ಎಣ್ಣೆಯಿಂದ ೯ ಕ್ಯಾಲೊರಿ ದೊರೆಯುತ್ತದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮೊದಲಾದ ಕರಿದ ತಿಂಡಿಗಳು ೧೦೦ ಗ್ರಾಮಿಗೆ ೫೦೦ ಕ್ಯಾಲೊರಿಯ ಆಸುಪಾಸಿನಲ್ಲಿರುತ್ತವೆ. ಮೊಬೈಲು ನೋಡುತ್ತ ೫೦ ಗ್ರಾಂ ಬಾಯಾಡಿಸಿದರೆ ೨೫೦ ಕ್ಯಾಲೊರಿ ಒಳಗೆ ಸೇರಿತು. ಸಾಧಾರಣ ಮೈಕಟ್ಟಿನವರು ಅಷ್ಟನ್ನು ಕರಗಿಸಲು ಸುಮಾರು ಒಂದು ಗಂಟೆ ಬಿರುಸಾಗಿ ನಡೆಯಬೇಕು. ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು ೭,೭೦೦ ಕ್ಯಾಲೊರಿ. ದಿನಕ್ಕೆ ೨೫೦ರಂತೆ ತಿಂಗಳಿಗೆ ೭,೫೦೦ ಆಯಿತು. ಕಾಗದದ ಮೇಲಿನ ಈ ಲೆಕ್ಕ ದೇಹದಲ್ಲಿ ಅಕ್ಷರಶಃ ನಡೆಯುವುದಿಲ್ಲ, ನಿಜ. ತೂಕ ಏರಿದಂತೆ ದೇಹದ ಖರ್ಚೂ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಆದರೂ ಹಗಲಿನ ಸಂಯಮದಿಂದ ಉಳಿಸಿದ್ದು ರಾತ್ರಿಯ ಅರ್ಧ ಗಂಟೆಯಲ್ಲಿ ಹೇಗೆ ಸೋರಿಹೋಗುತ್ತದೆಂಬುದನ್ನು ಇದರಿಂದ ಊಹಿಸಬಹುದು.

ಇನ್ನು ಹಸಿವಿನ ವಿಚಾರ. ಹೊಟ್ಟೆ ಬರಿದಾದಾಗ ಹಸಿವು, ತುಂಬಿದಾಗ ತೃಪ್ತಿ; ಇಷ್ಟೇ ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಇಷ್ಟೇ ಆಗಿದ್ದ ಪಕ್ಷದಲ್ಲಿ ನಮಗೆ ಅತ್ಯಂತ ಉಗ್ರವಾದ ಹಸಿವು ಬೆಳಗ್ಗೆ ಎದ್ದೊಡನೆಯೇ ಆಗಬೇಕಾಗಿತ್ತು. ರಾತ್ರಿ ಒಂಬತ್ತಕ್ಕೆ ಉಂಡವನು ಬೆಳಗ್ಗೆ ಏಳರ ಹೊತ್ತಿಗೆ ಹತ್ತು ಗಂಟೆಗಳ ಉಪವಾಸವನ್ನು ಮುಗಿಸಿರುತ್ತಾನೆ. ಹಗಲಿನಲ್ಲಿ ಅಷ್ಟು ಹೊತ್ತು ಏನನ್ನೂ ತಿನ್ನದೆ ಇದ್ದರೆ ಕಣ್ಣು ಕತ್ತಲೆಗಟ್ಟೀತು. ಬೆಳಗ್ಗೆಯಾದರೋ ಎಷ್ಟೋ ಮಂದಿಗೆ ಕಾಫಿಯ ಹೊರತು ಮತ್ತೇನೂ ಬೇಕೆನಿಸುವುದಿಲ್ಲ. ಹಸಿವನ್ನು ಹೊಟ್ಟೆಯಲ್ಲದೆ ಬೇರೊಂದು ಶಕ್ತಿಯೂ ಆಳುತ್ತಿದೆಯೆಂಬುದಕ್ಕೆ ಇದೇ ಸುಳಿವು.

ಆ ಶಕ್ತಿ ದೇಹದ ಒಳಗಡಿಯಾರ. ಎರಡು ಕಣ್ಣುಗಳಿಂದ ಹೊರಟ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ಹಾಯ್ದು ಹೋಗುವ ಎಡೆಯೊಂದಿದೆ. ಅದರ ಮೇಲೆಯೇ ಸುಮಾರು ೨೦,೦೦೦ ನರಕೋಶಗಳ ಪುಟ್ಟ ಗುಂಪೊಂದು ಕುಳಿತಿದೆ. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿಯನ್ನು ಪಡೆದು ಈ ಗುಂಪು ಇಡೀ ದೇಹಕ್ಕೆ ಹಗಲಿರುಳುಗಳ ತಾಳವನ್ನು ಹಾಕಿಕೊಡುತ್ತದೆ. ಪಿತ್ತಜನಕಾಂಗ, ಮೇದೋಜೀರಕ, ಕೊಬ್ಬಿನ ಕೋಶಗಳಲ್ಲಿಯೂ ಸಣ್ಣ ಸಣ್ಣ ಗಡಿಯಾರಗಳಿದ್ದು ಅವು ಈ ದೊಡ್ಡ ಗಡಿಯಾರದೊಡನೆ ಹೊಂದಿಕೊಂಡು ನಡೆಯುತ್ತವೆ. ಇಂಥ ಗಡಿಯಾರವು ಜೀವಕೋಶದೊಳಗೆ ಹೇಗೆ ಕೆಲಸಮಾಡುತ್ತದೆಂಬುದನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಗಡಿಯಾರಕ್ಕೂ ಹಸಿವಿಗೂ ನಂಟಿದೆಯೆಂದು ತೋರಿಸುವುದು ಸುಲಭವಲ್ಲ. ಸಂಜೆ ಹಸಿವಾದರೆ ಅದು ಮಧ್ಯಾಹ್ನ ಕಡಿಮೆ ಉಂಡದ್ದರಿಂದಲೋ, ದಣಿದದ್ದರಿಂದಲೋ, ಕೇವಲ ರೂಢಿಯಿಂದಲೋ ಬಂದಿರಬಹುದು. ಇವನ್ನೆಲ್ಲ ಬೇರ್ಪಡಿಸುವ ಬಗೆ ಹೇಗೆ? ಅಮೆರಿಕದಲ್ಲಿ ಫ್ರಾಂಕ್ ಶೀರ್ ಮತ್ತು ಅವರ ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಪ್ರಯೋಗದ ಜಾಣ್ಮೆ ಇರುವುದು ಇಲ್ಲಿಯೇ. ೧೨ ಮಂದಿ ಆರೋಗ್ಯವಂತರು ೧೩ ದಿನ ಪ್ರಯೋಗಶಾಲೆಯೊಳಗೇ ಉಳಿದರು. ಮಂದವಾದ ಬೆಳಕು, ಹೊರಗೆ ಹಗಲೋ ಇರುಳೋ ತಿಳಿಯುವಂತಿರಲಿಲ್ಲ. ಅವರ ‘ದಿನ’ವನ್ನು ೨೪ ಗಂಟೆಗಿಂತ ಕಡಿಮೆಯಾಗುವಂತೆ ಏರ್ಪಡಿಸಿ, ಊಟ ನಿದ್ರೆಗಳನ್ನು ಆ ಕೃತಕ ದಿನಕ್ಕೆ ತಕ್ಕಂತೆ ನಡೆಸಲಾಯಿತು. ಒಳಗಡಿಯಾರವು ಇಷ್ಟು ಬೇಗ ಬದಲಾಗದು. ಅದು ತನ್ನ ಹಳೆಯ ನಡೆಯಲ್ಲಿಯೇ ಇರುತ್ತದೆ. ಹೀಗಾಗಿ ದಿನಗಳು ಕಳೆದಂತೆ ಊಟವೂ ನಿದ್ರೆಯೂ ಗಡಿಯಾರದ ಎಲ್ಲ ಗಂಟೆಗಳ ಮೇಲೂ ಸಮನಾಗಿ ಹರಡಿದವು. ಊಟ ನಿದ್ರೆಗಳ ಪ್ರಭಾವವನ್ನು ಕಳೆದ ಮೇಲೆ ಉಳಿದದ್ದು ಗಡಿಯಾರದ ಪ್ರಭಾವ ಮಾತ್ರ.

ಫಲಿತಾಂಶ ಸ್ಪಷ್ಟವಾಗಿತ್ತು. ಒಳಗಡಿಯಾರದ ಬೆಳಗಿನ ೮ ಗಂಟೆಯ ಹೊತ್ತಿಗೆ ಹಸಿವು ಎಲ್ಲಕ್ಕಿಂತ ಕಡಿಮೆ. ರಾತ್ರಿ ೮ ಗಂಟೆಯ ಹೊತ್ತಿಗೆ ಎಲ್ಲಕ್ಕಿಂತ ಹೆಚ್ಚು. ಎರಡರ ನಡುವಣ ಅಂತರ ನೂರಕ್ಕೆ ೧೭ರಷ್ಟು. ಸಿಹಿ, ಉಪ್ಪು, ಪಿಷ್ಟದ ತಿಂಡಿಗಳ ಮೇಲಿನ ಆಸೆಯೂ ಇದೇ ಹೊತ್ತಿನಲ್ಲಿ ಶಿಖರವನ್ನು ಮುಟ್ಟಿತು. ದೀರ್ಘವಾದ ರಾತ್ರಿಯ ಉಪವಾಸಕ್ಕೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಲೆಂದೂ, ಹಸಿವಿನಿಂದ ನಿದ್ರೆ ಕೆಡದಿರಲೆಂದೂ ಪ್ರಕೃತಿಯು ಈ ಏರ್ಪಾಟನ್ನು ಮಾಡಿರಬೇಕೆಂದು ಊಹಿಸಲಾಗಿದೆ. ಕತ್ತಲಾದೊಡನೆ ಉಂಡು ಮಲಗುತ್ತಿದ್ದ ಕಾಲಕ್ಕೆ ಇದು ಒಳ್ಳೆಯ ಏರ್ಪಾಟೇ. ವಿದ್ಯುದ್ದೀಪದ ಕೆಳಗೆ ನಡುರಾತ್ರಿಯವರೆಗೆ ಎಚ್ಚರವಾಗಿದ್ದು, ಕೈಗೆಟಕುವಷ್ಟು ದೂರದಲ್ಲಿ ಡಬ್ಬವನ್ನಿಟ್ಟುಕೊಂಡಿರುವ ನಮಗೆ ಅದೇ ತೊಡಕಾಗಿ ಪರಿಣಮಿಸಿದೆ.

ಗಡಿಯಾರದ ಮೇಲೆ ಸಾಲವೂ ಸೇರುತ್ತದೆ. ಸಾಲವೆಂದರೆ ಹಗಲಿನ ಉಪವಾಸ. ಹೊಟ್ಟೆಗೆ ಕಡಿಮೆ ಕೊಟ್ಟಾಗ ಮನಸ್ಸು ಏನಾಗುತ್ತದೆಂಬುದನ್ನು ಅಮೆರಿಕದ ಮಿನಿಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ೧೯೪೪-೪೫ರಲ್ಲಿ ಪರೀಕ್ಷಿಸಿದರು. ಯುದ್ಧಾನಂತರ ಹಸಿದ ಜನರಿಗೆ ಹೇಗೆ ಆಹಾರ ಕೊಡಬೇಕೆಂಬುದನ್ನು ಕಂಡುಕೊಳ್ಳುವುದು ಅವರ ಉದ್ದೇಶವಾಗಿತ್ತು. ತಾವಾಗಿ ಒಪ್ಪಿ ಮುಂದೆ ಬಂದ ೩೬ ಮಂದಿ ತರುಣರು ೨೪ ವಾರ ದಿನಕ್ಕೆ ಸುಮಾರು ೧,೬೦೦ ಕ್ಯಾಲೊರಿಯ ಆಹಾರದಲ್ಲಿ, ನಡಿಗೆ ಕೆಲಸಗಳನ್ನೂ ಮಾಡುತ್ತ ಕಳೆದರು. ಅವರ ಮೈತೂಕ ಸುಮಾರು ಕಾಲುಭಾಗ ಇಳಿಯಿತು. ಆಶ್ಚರ್ಯವೆಂದರೆ ಅವರ ಮನಸ್ಸಿನಲ್ಲಿ ಆಹಾರದ ಹೊರತು ಮತ್ತೊಂದಕ್ಕೆ ಎಡೆಯೇ ಉಳಿಯಲಿಲ್ಲ. ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಕೂಡಿಹಾಕತೊಡಗಿದರು. ನಿರ್ಬಂಧ ತೆಗೆದ ಮೇಲೆ ಎಷ್ಟು ತಿಂದರೂ ತೃಪ್ತಿಯಾಗದ ಸ್ಥಿತಿ ಹಲವರಲ್ಲಿ ಕಂಡುಬಂದಿತು. ಇವರು ಹುಟ್ಟಿನಿಂದ ಜಿಹ್ವಾಚಾಪಲ್ಯದವರಲ್ಲ. ಆರಿಸಿ ತೆಗೆದುಕೊಂಡ, ದೃಢಮನಸ್ಸಿನ ಯುವಕರು.

ನಮ್ಮ ಮನೆಗಳಲ್ಲಿ ತೂಕ ಇಳಿಸುವವರು ಇಷ್ಟು ಕಠಿಣವಾದ ಉಪವಾಸವನ್ನೇನೂ ಮಾಡುವುದಿಲ್ಲ. ಆದರೆ ಇದರ ಸಣ್ಣ ಪ್ರತಿಬಿಂಬವೊಂದು ಪ್ರತಿದಿನವೂ ನಡೆಯುತ್ತದೆ. ಮನೆಯ ಗೃಹಿಣಿಯನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಮಕ್ಕಳ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಆಕೆಯ ತಿಂಡಿ ಹನ್ನೊಂದಕ್ಕೆ ಸರಿಯುತ್ತದೆ. ತೂಕದ ಯೋಚನೆಯಿದ್ದರೆ ಪೂರಾ ಬಿಟ್ಟೇ ಹೋಗುತ್ತದೆ. ರಾತ್ರಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ತಟ್ಟೆಯ ಮುಂದೆ ಕುಳಿತಾಗ ಹಗಲಿನ ಸಾಲವೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತದೆ. ಪಾತ್ರೆಯ ತಳದಲ್ಲಿ ಉಳಿದ ಹಿಡಿ ಅನ್ನವನ್ನೂ ಒಂದು ಸೌಟು ಹುಳಿಯನ್ನೂ ಚೆಲ್ಲಲು ಮನಸ್ಸು ಬಾರದೆ ಅದೂ ಹೊಟ್ಟೆಗೇ ಸೇರುತ್ತದೆ. ಅನ್ನವನ್ನು ಚೆಲ್ಲಬಾರದೆಂಬ ಸಂಸ್ಕಾರ ದೊಡ್ಡದು. ಅದರ ಹೊರೆಯನ್ನು ಮನೆಯವರೆಲ್ಲ ಸೇರಿ ಹೊರದೆ ಆಕೆಯೊಬ್ಬಳೇ ಹೊರಬೇಕಾಗಿರುವುದು ಮಾತ್ರ ನ್ಯಾಯವಲ್ಲ.

ಮೂರನೆಯ ಕಾರಣ ನಿದ್ದೆಗೇಡು. ಜಠರದಿಂದ ಹೊರಟು ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ೧೯೯೯ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಕೊಬ್ಬಿನ ಕೋಶಗಳಿಂದ ಹೊರಟು ‘ಸಾಕಷ್ಟು ಸಂಗ್ರಹವಿದೆ’ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ೧೯೯೪ರಲ್ಲಿಯೇ ಗೊತ್ತಾಗಿತ್ತು. ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ೧೨ ಮಂದಿ ತರುಣರಿಗೆ ಎರಡು ರಾತ್ರಿ ನಾಲ್ಕು ನಾಲ್ಕೇ ಗಂಟೆ ಮಲಗಲು ಅವಕಾಶ ಕೊಟ್ಟರು. ಇನ್ನೊಮ್ಮೆ ಅವರಿಗೇ ಹತ್ತು ಹತ್ತು ಗಂಟೆ ಕೊಟ್ಟರು. ನಿದ್ದೆಗೆಟ್ಟಾಗ ಲೆಪ್ಟಿನ್ ನೂರಕ್ಕೆ ೧೮ರಷ್ಟು ಕಡಿಮೆಯಾಗಿ, ಗ್ರೆಲಿನ್ ನೂರಕ್ಕೆ ೨೮ರಷ್ಟು ಹೆಚ್ಚಿತ್ತು. ಹಸಿವೂ ನೂರಕ್ಕೆ ೨೪ರಷ್ಟು ಏರಿತ್ತು. ಅದೇ ವಿಶ್ವವಿದ್ಯಾನಿಲಯದವರು ೨೦೨೨ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನ ನನಗೆ ಇದಕ್ಕಿಂತ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ. ತೂಕ ಹೆಚ್ಚಾಗಿದ್ದು ದಿನಕ್ಕೆ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ ೮೦ ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಹೆಚ್ಚು ಮಲಗುವ ದಾರಿಯನ್ನಷ್ಟೇ ಹೇಳಿಕೊಟ್ಟರು. ಊಟದ ವಿಷಯದಲ್ಲಿ ಒಂದು ಮಾತನ್ನೂ ಆಡಲಿಲ್ಲ. ಅವರ ನಿದ್ರೆ ಸುಮಾರು ಒಂದೂಕಾಲು ಗಂಟೆ ಹೆಚ್ಚಿತು; ಉಳಿದವರಿಗೆ ಹೋಲಿಸಿದರೆ ಅವರು ತಿನ್ನುವುದು ದಿನಕ್ಕೆ ಸುಮಾರು ೨೭೦ ಕ್ಯಾಲೊರಿಯಷ್ಟು ಕಡಿಮೆಯಾಯಿತು. ಮೇಲೆ ಹೇಳಿದ ಚಕ್ಕುಲಿಯ ಲೆಕ್ಕವನ್ನು ವಾಚಕರು ಇದರ ಪಕ್ಕದಲ್ಲಿಟ್ಟು ನೋಡಬಹುದು.

‘ರಾತ್ರಿ ತಿಂದದ್ದೆಲ್ಲ ಕೊಬ್ಬಾಗುತ್ತದೆ’ ಎಂಬ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಇದರಲ್ಲಿ ನಿಜವೆಷ್ಟು? ಬೆಳಗಿನ ಇಡ್ಲಿಗೂ ರಾತ್ರಿಯ ಇಡ್ಲಿಗೂ ಕ್ಯಾಲೊರಿಯಲ್ಲಿ ವ್ಯತ್ಯಾಸವಿಲ್ಲ. ಚೀನದ ಗ್ವಾಂಗ್‌ಜೌ ನಗರದಲ್ಲಿ ೧೩೯ ಮಂದಿ ಸ್ಥೂಲಕಾಯರ ಮೇಲೆ ನಡೆದು ೨೦೨೨ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗೂ ಆಹಾರವನ್ನು ಒಂದೇ ಪ್ರಮಾಣದಲ್ಲಿ ಇಳಿಸಿ, ಅರ್ಧ ಜನಕ್ಕೆ ಬೆಳಗ್ಗೆ ೮ರಿಂದ ಸಂಜೆ ೪ರ ಒಳಗೆ ಮಾತ್ರ ತಿನ್ನಬೇಕೆಂದು ಕಟ್ಟುಮಾಡಿದರು. ವರ್ಷ ಕಳೆದ ಮೇಲೆ ಹೊತ್ತಿನ ಕಟ್ಟಿದ್ದವರು ಸರಾಸರಿ ೮ ಕಿಲೋ, ಇಲ್ಲದವರು ೬.೩ ಕಿಲೋ ಇಳಿದಿದ್ದರು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ಅಂತರಕ್ಕೆ ಅರ್ಥವಿಲ್ಲ. ಒಟ್ಟು ಎಷ್ಟು ತಿಂದರೆಂಬುದೇ ಮುಖ್ಯವೆಂದಾಯಿತು. ಆದರೆ ಅದೇ ವರ್ಷ ಬಾಸ್ಟನ್ನಿನಿಂದ ಬಂದ ವರದಿ ಇನ್ನೊಂದು ಮುಖವನ್ನು ತೋರಿಸಿತು. ೧೬ ಮಂದಿಗೆ ಅವೇ ಆಹಾರಗಳನ್ನು ಒಮ್ಮೆ ಬೇಗನೆಯೂ ಇನ್ನೊಮ್ಮೆ ಸುಮಾರು ನಾಲ್ಕು ಗಂಟೆ ತಡವಾಗಿಯೂ ಕೊಟ್ಟಾಗ, ತಡವಾಗಿ ಉಂಡ ದಿನಗಳಲ್ಲಿ ಹಸಿವು ಹೆಚ್ಚಿತು, ಲೆಪ್ಟಿನ್ ಕುಗ್ಗಿತು, ಎಚ್ಚರದ ಹೊತ್ತಿನಲ್ಲಿ ದೇಹದ ಶಕ್ತಿವ್ಯಯ ನೂರಕ್ಕೆ ೫ರಷ್ಟು ಇಳಿಯಿತು. ನನ್ನ ಎಣಿಕೆಯಲ್ಲಿ ಇವೆರಡೂ ಪರಸ್ಪರ ವಿರುದ್ಧವಲ್ಲ. ತಟ್ಟೆಯಲ್ಲಿ ಎಷ್ಟಿರಬೇಕೆಂದು ಬೇರೊಬ್ಬರು ನಿಗದಿಮಾಡಿ ಕೊಟ್ಟರೆ ಹೊತ್ತಿನಿಂದ ಅಷ್ಟು ವ್ಯತ್ಯಾಸವಾಗದು. ನಾವೇ ಬಡಿಸಿಕೊಳ್ಳುವಾಗ, ಹಸಿವನ್ನು ಹೆಚ್ಚಿಸುವ ಹೊತ್ತು ತಟ್ಟೆಯನ್ನೂ ಹಿಗ್ಗಿಸುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ರಾತ್ರಿ ಹತ್ತೂವರೆಗೆ ಹಸಿವಿನೊಡನೆ ಹೋರಾಡುವುದನ್ನು ಬಿಟ್ಟು, ಆ ಹೋರಾಟವನ್ನು ಹಗಲಿಗೆ ವರ್ಗಾಯಿಸಬೇಕು. ಬೆಳಗ್ಗೆ ಹಸಿವಿಲ್ಲವೆಂಬ ಕಾರಣಕ್ಕೆ ತಿಂಡಿಯನ್ನು ಬಿಟ್ಟರೆ ಸಾಲದ ಮೊದಲ ಕಂತನ್ನು ಎತ್ತಿದಂತೆಯೇ. ಸಣ್ಣ ಪ್ರಮಾಣದಲ್ಲಾದರೂ ಪ್ರೋಟೀನಿರುವ ತಿಂಡಿಯನ್ನು ತಿನ್ನುವುದು ಮೇಲು: ಇಡ್ಲಿಯೊಡನೆ ಬೇಳೆ ಧಾರಾಳವಾಗಿರುವ ಸಾಂಬಾರು, ಹೆಸರುಬೇಳೆಯ ದೋಸೆ, ತಿನ್ನುವವರಿಗೆ ಮೊಟ್ಟೆ. ಪಿಷ್ಟಕ್ಕಿಂತಲೂ ಕೊಬ್ಬಿಗಿಂತಲೂ ಪ್ರೋಟೀನು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ನಮ್ಮ ಊಟದಲ್ಲಿ ಕೊರತೆ ಬೀಳುವುದೂ ಅದೇ. ಒಂದು ದೊಡ್ಡ ಗುಡ್ಡೆ ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಉಂಡವನಿಗೆ ಮೂರು ಗಂಟೆಯಲ್ಲಿ ಮತ್ತೆ ಹೊಟ್ಟೆ ಚುರುಗುಟ್ಟಿದರೆ ಆಶ್ಚರ್ಯವಿಲ್ಲ. ಅನ್ನವನ್ನಾಗಲಿ ಮುದ್ದೆಯನ್ನಾಗಲಿ ಕೊಂಚ ಇಳಿಸಿ ಹುರುಳಿ, ಅವರೆ, ಅಲಸಂದೆಗಳ ಪಲ್ಯವನ್ನೂ ಸೊಪ್ಪನ್ನೂ ಮೊಸರನ್ನೂ ಏರಿಸುವುದು ತಕ್ಕ ಮಾರ್ಗ. ಸಂಜೆ ಐದರ ಸುಮಾರಿಗೆ ಒಂದು ಬಟ್ಟಲು ಕಡಲೆಕಾಳಿನ ಉಸಲಿಯೋ ಕೋಸಂಬರಿಯೋ ಸಿಕ್ಕಿದರೆ ರಾತ್ರಿಯ ಊಟಕ್ಕೆ ಹಸಿದ ತೋಳದಂತೆ ಕುಳಿತುಕೊಳ್ಳಬೇಕಾಗುವುದಿಲ್ಲ.

ರಾತ್ರಿಯ ಊಟ ಎಂಟರ ಒಳಗೆ ಆಗಲೆಂಬುದು ಸುಲಭವಾದ ಉಪದೇಶ. ಬೆಂಗಳೂರಿನ ರಸ್ತೆಗಳಲ್ಲಿ ಎರಡು ಗಂಟೆ ಕಳೆದು ಒಂಬತ್ತಕ್ಕೆ ಮನೆ ಸೇರುವವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ. ಅಂಥವರು ಸಂಜೆಯ ಉಪಾಹಾರವನ್ನು ತುಸು ದೊಡ್ಡದಾಗಿ ಮಾಡಿ ರಾತ್ರಿಯ ಊಟವನ್ನು ಹಗುರಗೊಳಿಸಬಹುದು. ಸಂಜೆಯ ಕಾಫಿಯ ವಿಚಾರದಲ್ಲಿಯೂ ಒಂದು ಮಾತು. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ದೇಹದಿಂದ ಕಳೆಯಲು ಸುಮಾರು ಐದು ಗಂಟೆ ಬೇಕು. ಆರು ಗಂಟೆಯ ಕಾಫಿಯ ಅರ್ಧ ಭಾಗ ಹನ್ನೊಂದಕ್ಕೂ ರಕ್ತದಲ್ಲಿದ್ದು ನಿದ್ರೆಯನ್ನು ದೂಡುತ್ತಿರುತ್ತದೆ; ಎಚ್ಚರವಿರುವಷ್ಟು ಹೊತ್ತೂ ಬಾಯಿ ಏನನ್ನಾದರೂ ಬೇಡುತ್ತಲೇ ಇರುತ್ತದೆ.

ಇಷ್ಟಾದರೂ ರಾತ್ರಿ ಹಸಿವಾದರೆ? ಅದು ಹೊಟ್ಟೆಯ ಹಸಿವೋ ನಾಲಗೆಯ ಚಪಲವೋ ಎಂದು ನೋಡಲು ಒಂದು ಸರಳವಾದ ಪರೀಕ್ಷೆಯುಂಟು, ಶಾಸ್ತ್ರೀಯವಲ್ಲದಿದ್ದರೂ ಉಪಯುಕ್ತವಾದದ್ದು. ಸಪ್ಪೆಯಾದ ಮಜ್ಜಿಗೆ ಅನ್ನ ಇದ್ದರೆ ಉಣ್ಣುವೆನೇ ಎಂದು ತನ್ನನ್ನೇ ಕೇಳಿಕೊಳ್ಳುವುದು. ಉಣ್ಣುವೆನೆಂದರೆ ನಿಜವಾದ ಹಸಿವು. ಚಕ್ಕುಲಿಯೇ ಆಗಬೇಕೆಂದರೆ ಬೇರೆ. ನಿಜವಾದ ಹಸಿವನ್ನು ತಡೆದುಕೊಂಡು ಹೊರಳಾಡುವುದರಿಂದ ಲಾಭವಿಲ್ಲ. ಸಕ್ಕರೆ ಹಾಕದ ಒಂದು ಲೋಟ ಹಾಲು ಸುಮಾರು ೧೩೦ ಕ್ಯಾಲೊರಿ, ಸಣ್ಣ ಬಾಳೆಹಣ್ಣು ಸುಮಾರು ೯೦, ಒಂದು ಬಟ್ಟಲು ಬರಿಯ ಕಡಲೆಪುರಿ ಸುಮಾರು ೬೦. ನೀರುಮಜ್ಜಿಗೆ, ಸೌತೆಕಾಯಿಗಳದು ಗಣನೆಗೇ ಬಾರದಷ್ಟು. ಚಪಲವಾದರೆ ಅದಕ್ಕೆ ಬೇರೆ ಉಪಾಯ. ದಿನವೂ ಹನ್ನೊಂದಕ್ಕೆ ತಿನ್ನುತ್ತಿದ್ದರೆ ದೇಹವು ಆ ಹೊತ್ತನ್ನು ಕಲಿತುಬಿಡುತ್ತದೆ. ರೂಢಿಯ ಊಟದ ಹೊತ್ತು ಹತ್ತಿರವಾದಂತೆ ಗ್ರೆಲಿನ್ ತಾನಾಗಿ ಏರುವುದನ್ನು ಅಳೆದು ನೋಡಿದ್ದಾರೆ. ಕೆಲವು ದಿನ ಆ ಹೊತ್ತಿಗೆ ಏನೂ ಸಿಗದಿದ್ದರೆ ಆ ಕರೆ ಕ್ರಮೇಣ ಮೆತ್ತಗಾಗುತ್ತದೆ. ಊಟವಾದೊಡನೆ ಹಲ್ಲುಜ್ಜಿ ಅಡಿಗೆಮನೆಯ ದೀಪ ಆರಿಸುವುದು, ಕರಿದ ತಿಂಡಿಯ ಡಬ್ಬವನ್ನು ಅಟ್ಟದ ಮೇಲಿಡುವುದು, ತಿನ್ನಲೇಬೇಕಾದರೆ ಎರಡನ್ನು ತಟ್ಟೆಗೆ ಹಾಕಿಕೊಂಡು ಮುಚ್ಚಳ ಮುಚ್ಚಿ ಬೇರೆ ಕೋಣೆಗೆ ಬರುವುದು, ಇವೆಲ್ಲ ಕೆಲಸಕ್ಕೆ ಬರುತ್ತವೆ. ಗೋಕುಲಾಷ್ಟಮಿಯ ವಾರದಲ್ಲಿ ಚಕ್ಕುಲಿಯನ್ನು ಮುಟ್ಟುವುದೇ ಇಲ್ಲವೆಂಬ ಪ್ರತಿಜ್ಞೆ ನನಗೆ ಒಪ್ಪಿಗೆಯಿಲ್ಲ. ಮಧ್ಯಾಹ್ನದ ಊಟದೊಡನೆ ಎಲ್ಲರ ಜೊತೆ ಕುಳಿತು ತಿಂದ ಎರಡು ಚಕ್ಕುಲಿ, ನಡುರಾತ್ರಿ ಕದ್ದು ತಿನ್ನುವ ಆರಕ್ಕಿಂತ ಲೇಸು.

ರಾತ್ರಿಪಾಳಿಯ ದಾದಿಯರು, ಕಾರ್ಖಾನೆಯ ಕೆಲಸಗಾರರು, ಕಾವಲುಗಾರರು ಮುಂತಾದವರ ಪಾಡು ಬೇರೆಯೇ. ಅವರು ದುಡಿಯುವ ಹೊತ್ತಿನಲ್ಲಿ ಒಳಗಡಿಯಾರ ನಿದ್ರೆಯ ಗಂಟೆಯನ್ನು ಬಾರಿಸುತ್ತಿರುತ್ತದೆ. ರಕ್ತದ ಸಕ್ಕರೆಯನ್ನು ಅಂಕೆಯಲ್ಲಿಡುವ ಶಕ್ತಿ ಆಗ ಕಡಿಮೆ. ೨೦೨೧ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ೧೯ ಮಂದಿಯನ್ನು ಕೃತಕ ರಾತ್ರಿಪಾಳಿಗೆ ಒಳಪಡಿಸಿದಾಗ, ರಾತ್ರಿಯಲ್ಲಿಯೂ ಉಂಡವರ ರಕ್ತದ ಸಕ್ಕರೆ ಏರಿತು. ಪಾಳಿ ಅದೇ ಆದರೂ ಹಗಲಿನಲ್ಲಿ ಮಾತ್ರ ಉಂಡವರಲ್ಲಿ ಏರಲಿಲ್ಲ. ಬೆವರು ಸುರಿಸಿ ದುಡಿಯುವವರು ರಾತ್ರಿಯಿಡೀ ಉಪವಾಸವಿರಲಾರರು. ಪಾಳಿಗೆ ಹೊರಡುವ ಮುನ್ನ ಮುಖ್ಯವಾದ ಊಟವನ್ನು ಮುಗಿಸಿ, ನಡುರಾತ್ರಿಗೆ ಹಗುರವಾದದ್ದೇನನ್ನಾದರೂ ಕಟ್ಟಿಕೊಂಡು ಹೋಗುವುದು ಅವರಿಗೆ ಸಾಧ್ಯವಾದ ದಾರಿ.

ಇಲ್ಲಿಯವರೆಗೆ ಹೇಳಿದ್ದು ಸಾಮಾನ್ಯರ ಮಾತು. ರಾತ್ರಿ ತಿನ್ನುವುದು ರೋಗವಾಗಿರುವವರೂ ಉಂಟು. ೧೯೫೫ರಲ್ಲಿ ನ್ಯೂಯಾರ್ಕಿನ ವೈದ್ಯ ಆಲ್ಬರ್ಟ್ ಸ್ಟಂಕರ್ಡ್ ಮತ್ತು ಸಂಗಡಿಗರು ತಮ್ಮಲ್ಲಿಗೆ ಬಂದ ಸ್ಥೂಲಕಾಯರಲ್ಲಿ ಕೆಲವರಿಗೆ ಬೆಳಗ್ಗೆ ಅನ್ನದ ಮುಖ ನೋಡಲಾಗದು, ರಾತ್ರಿ ತಿನ್ನುವುದನ್ನು ನಿಲ್ಲಿಸಲಾಗದು, ನಿದ್ದೆ ಬಾರದು ಎಂಬುದನ್ನು ಗಮನಿಸಿ ಅದಕ್ಕೊಂದು ಹೆಸರಿಟ್ಟರು. ದಿನದ ಆಹಾರದಲ್ಲಿ ಕಾಲುಭಾಗಕ್ಕೂ ಹೆಚ್ಚನ್ನು ರಾತ್ರಿಯ ಊಟದ ಮೇಲೆ ತಿನ್ನುವುದು, ಇಲ್ಲವೆ ವಾರಕ್ಕೆ ಎರಡು ಬಾರಿಗಾದರೂ ನಿದ್ದೆಯಿಂದೆದ್ದು ತಿನ್ನುವುದು ಇದರ ಮುಖ್ಯ ಗುರುತು. ಇದರೊಡನೆ ಖಿನ್ನತೆಯೂ ಸೇರಿರುವುದುಂಟು. ಇಂಥವರಿಗೆ ಡಬ್ಬವನ್ನು ಅಟ್ಟಕ್ಕೇರಿಸುವ ಉಪಾಯಗಳಿಂದ ಗುಣವಾಗದು, ಗದರಿಕೆಯಿಂದಂತೂ ಆಗದು; ಮನೋವೈದ್ಯರ ಬಳಿ ಇದಕ್ಕೆ ಚಿಕಿತ್ಸೆಯಿದೆ.

ಗರ್ಭಿಣಿಯರು, ಮೊಲೆಯೂಡುವ ತಾಯಂದಿರು, ಬೆಳೆಯುವ ಮಕ್ಕಳು ವೈದ್ಯರನ್ನು ಕೇಳದೆ ಆಹಾರವನ್ನು ಕಡಿಮೆ ಮಾಡಬಾರದು. ಸಿಹಿಮೂತ್ರರೋಗಕ್ಕೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ ಸಕ್ಕರೆಯನ್ನು ತಗ್ಗಿಸುವ ಕೆಲವು ಮಾತ್ರೆಗಳನ್ನು ನುಂಗುವವರೂ ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಇವರು ಔಷಧವನ್ನು ಮೊದಲಿನಷ್ಟೇ ಇಟ್ಟುಕೊಂಡು ಊಟವನ್ನು ಇಳಿಸಿದರೆ ರಾತ್ರಿ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕೈನಡುಕ, ತಣ್ಣನೆಯ ಬೆವರು, ಎದೆಬಡಿತ, ತಡೆಯಲಾರದ ಹಸಿವು, ಮಾತು ತೊದಲುವುದು ಇದರ ಲಕ್ಷಣಗಳು. ಅಂಥ ಹಸಿವನ್ನು ಸಂಯಮದ ಪರೀಕ್ಷೆಯೆಂದು ಭಾವಿಸಿ ಸಹಿಸಿಕೊಂಡರೆ ಪ್ರಾಣಕ್ಕೇ ಮುಳುವಾದೀತು. ಒಡನೆಯೇ ಮೂರು ಸಣ್ಣ ಚಮಚ, ಎಂದರೆ ಸುಮಾರು ೧೫ ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ೧೫ ನಿಮಿಷದ ಮೇಲೆ ರಕ್ತವನ್ನು ಪರೀಕ್ಷಿಸಿ, ಸಕ್ಕರೆ ಇನ್ನೂ ಏರದಿದ್ದರೆ ಮತ್ತೊಮ್ಮೆ ಅಷ್ಟನ್ನೇ ಕುಡಿಯಬೇಕು. ರೋಗಿಗೆ ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಔಷಧದ ಪ್ರಮಾಣವನ್ನು ವೈದ್ಯರು ತಿದ್ದುವವರೆಗೆ ತೂಕ ಇಳಿಸುವ ಪ್ರಯತ್ನವನ್ನು ನಿಲ್ಲಿಸಿರುವುದು ಕ್ಷೇಮ.